ವಾಷರ್ ಇಲ್ಲ, ಟೇಪ್ ಇಲ್ಲ: ಬೇಕಂದಾಗ ಬಿಚ್ಚೋಕಾಗೋ ಪೈಪ್ ಜಾಯಿಂಟ್ ಮಾಡೋದು ಹೇಗೆ

ಪೈಪಿಗೆ ಪೈಪು ಸೇರಿಸೋದು ಅಂದ ತಕ್ಷಣ ನಮ್ಮ ಕೈ ಹೋಗೋದು ಬಿಳಿ ಟೇಪಿನ ಕಡೆಗೆ, ಅದಿಲ್ಲ ಅಂದ್ರೆ ರಬ್ಬರ್ ವಾಷರ್ ಕಡೆಗೆ. ಒಂದ್ಸಲ ಹಾಕಿ ಹತ್ತು ವರ್ಷ ಮರೆತುಬಿಡೋ ಜಾಯಿಂಟಾದ್ರೆ ಅದರಲ್ಲಿ ತಪ್ಪೇನಿಲ್ಲ. ಆದ್ರೆ ಕೆಲವು ಜಾಯಿಂಟನ್ನ ತಿಂಗಳಿಗೊಂದ್ಸಲ ಬಿಚ್ಚಬೇಕಾಗತ್ತೆ, ಒಳಗೆ ಕ್ಲೀನ್ ಮಾಡೋಕೋ, ಫಿಲ್ಟರ್ ತೆಗೆಯೋಕೋ, ಇಡೀ ಮಷಿನನ್ನೇ ಆಚೆ ಎಳೆಯೋಕೋ, ಆಗ ಪ್ರತಿ ಸಲ ಹಳೇ ಟೇಪ್ ಕೆರೆದು ಹೊಸದು ಸುತ್ತೋದು ಒಂದು ಕಾಟ, ಕೆರೆದ ಚೂರು ಒಳಗೆ ಹೋಗಿ ಯಾವುದೋ ಸಣ್ಣ ಜೆಟ್ಟಲ್ಲೋ ವಾಲ್ವಲ್ಲೋ ಸಿಕ್ಕಾಕ್ಕೊಳ್ಳೋದು ಇನ್ನೊಂದು ಕಾಟ. ಬಿಸಿ ಇರೋ ಕಡೆಯಂತೂ ಸಾದಾ ರಬ್ಬರ್ ವಾಷರ್ 100 ಡಿಗ್ರಿ ಆಸುಪಾಸಲ್ಲೇ ನಿಧಾನಕ್ಕೆ ಗಟ್ಟಿಯಾಗಿ ಬಿರುಕು ಬಿಡತ್ತೆ, ಟೆಫ್ಲಾನ್ ಕೂಡ 260 ಡಿಗ್ರಿ ದಾಟಿದ್ರೆ ನಂಬೋಕಾಗಲ್ಲ. ಇಂಥ ಕಡೆಗೆಲ್ಲ ಮಧ್ಯೆ ಏನೂ ಇಡದೆ ಲೋಹಕ್ಕೆ ಲೋಹವನ್ನೇ ಒತ್ತಿ ಕೂರಿಸೋ ಜಾಯಿಂಟ್ ಬೇಕು. ಏಸಿ, ಹೈಡ್ರಾಲಿಕ್ ಮಷಿನು, ಗಾಡಿ ಬ್ರೇಕು, ಲ್ಯಾಬಿನ ಗ್ಯಾಸ್ ಲೈನು, ಎಲ್ಲಾ ಕಡೆ ಇರೋದು ಇದೇ. ನೋಡೋಕೆ ಸಿಂಪಲ್ಲು, ಮಾಡೋವಾಗ ಮಾತ್ರ ಒಂದೆರಡು ವಿಷಯ ಗೊತ್ತಿಲ್ದಿದ್ರೆ ತಲೆ ಕೆಡಿಸತ್ತೆ.

ಮೊದಲನೇ ವಿಷಯ, ಈ ಜಾಯಿಂಟಲ್ಲಿ ಥ್ರೆಡ್ಡು ಸೀಲ್ ಮಾಡಲ್ಲ. ಥ್ರೆಡ್ಡಿನ ಕೆಲಸ ಬರೀ ಒತ್ತೋದು. ಸೀಲ್ ಆಗೋದು ಒಳಗಡೆ, ಒಂದು ಕೋನ್ (ಶಂಕು ಆಕಾರದ ಮೈ) ಇನ್ನೊಂದು ಕೋನಿನ ಮೇಲೆ ಕೂತ್ಕೊಳ್ಳೋ ಜಾಗದಲ್ಲಿ. ಇದು ತಲೆಗೆ ಹೋಗದೇ ಇರೋದ್ರಿಂದಾನೇ ಜನ ಫ್ಲೇರ್ ನಟ್ಟಿಗೆ (ಟ್ಯೂಬಿನ ಅರಳಿಸಿದ ಬಾಯಿಯನ್ನ ಒತ್ತಿ ಹಿಡಿಯೋ ನಟ್ಟು) ಟೇಪ್ ಸುತ್ತೋದು. ನಾನೂ ಸುತ್ತಿದೀನಿ, ಸುಳ್ಳು ಹೇಳಲ್ಲ. ಲೀಕ್ ಆಗ್ತಿದೆ ಅಂತ ಎರಡು ಸುತ್ತು ಹಾಕಿದೆ, ಇನ್ನೂ ಜಾಸ್ತಿ ಲೀಕಾಯ್ತು, ನಾಲ್ಕು ಸುತ್ತು ಹಾಕಿದೆ, ನಟ್ಟು ಅರ್ಧಕ್ಕೇ ಬಿಗಿಯಾಗಿ ನಿಂತ್ಕೊಂಡುಬಿಡ್ತು. ಟೇಪು ಥ್ರೆಡ್ಡಲ್ಲಿ ತುಂಬ್ಕೊಂಡು ನಟ್ಟನ್ನ ಅಡ್ಡ ಹಿಡಿದಿತ್ತು, ಕೈಗೆ ಟೈಟ್ ಅನ್ಸತ್ತೆ, ಒಳಗೆ ಕೋನ್ ಕೂತೇ ಇರಲ್ಲ. ಆಮೇಲೆ ಬಿಚ್ಚಿ ಲೈಟ್ ಬಿಟ್ಟು ನೋಡಿದ್ರೆ ಸೀಟಿನ ಮೇಲೆ, ಅಂದ್ರೆ ಕೋನ್ ಕೂರೋ ಜಾಗದ ಮೇಲೆ, ಕೂದಲಷ್ಟು ತೆಳ್ಳಗಿನ ತಾಮ್ರದ ಚೂರು ಅಂಟಿತ್ತು, ಅಷ್ಟೇ ಇದ್ದಿದ್ದು ರೋಗ.

ಸರಿ, ಲೋಹಕ್ಕೆ ಲೋಹ ಇಟ್ರೆ ಸೀಲ್ ಹೇಗಾಗತ್ತೆ? ಎಷ್ಟೇ ನುಣುಪು ಮಾಡಿದ್ರೂ ಲೋಹದ ಮೈ ಮೇಲೆ ಸಣ್ಣ ಸಣ್ಣ ಗುಡ್ಡ ಹಳ್ಳ ಇದ್ದೇ ಇರತ್ತೆ. ಎರಡು ಮೈ ಸುಮ್ನೆ ತಾಗಿದ್ರೆ ಗುಡ್ಡಗಳು ಮಾತ್ರ ತಾಗತ್ವೆ, ಹಳ್ಳದ ದಾರೀಲಿ ನೀರೋ ಗಾಳಿಯೋ ಆಚೆ ಬರತ್ತೆ. ಆ ಗುಡ್ಡಗಳು ಚಪ್ಪಟೆಯಾಗೋವಷ್ಟು ಒತ್ತಡ ಕೊಟ್ರೆ, ಎರಡರಲ್ಲಿ ಮೆತ್ತಗಿರೋ ಲೋಹ ಇನ್ನೊಂದರ ಹಳ್ಳಕ್ಕೆ ತುಂಬ್ಕೊಳ್ಳತ್ತೆ, ದಾರಿ ಮುಚ್ಚತ್ತೆ. ಹಾಗಾಗಿ ಬೇಕಿರೋದು ಜಾಸ್ತಿ ಜಾಗ ಅಲ್ಲ, ಕಮ್ಮಿ ಜಾಗದ ಮೇಲೆ ಜಾಸ್ತಿ ಒತ್ತಡ. ದಪ್ಪ ಲೆಕ್ಕ ಒಂದು ಹಾಕಿ ನೋಡಿ: ನಟ್ಟು 5,000 ನ್ಯೂಟನ್ ಬಲದಲ್ಲಿ, ಅಂದ್ರೆ ಸುಮಾರು 500 ಕೆಜಿ ಭಾರದಷ್ಟು, ಒತ್ತುತ್ತೆ ಅಂತಿಟ್ಕೊಳ್ಳಿ. ತಾಗೋ ಬಳೆಯ ವ್ಯಾಸ 10 ಮಿಮೀ, ಅಗಲ ಅರ್ಧ ಮಿಮೀ ಇದ್ರೆ ಅಲ್ಲಿ ಒತ್ತಡ ಸುಮಾರು 320 ಮೆಗಾಪಾಸ್ಕಲ್. ಅದೇ ಬಳೆ 5 ಮಿಮೀ ಅಗಲ ಇದ್ರೆ ಬರೀ 32. ಬೆಂಕಿಗೆ ಹಿಡಿದು ಮೆತ್ತಗೆ ಮಾಡಿದ ತಾಮ್ರಕ್ಕೂ 32 ಸಾಲೋದು ಡೌಟು, 320ಕ್ಕೆ ಅದು ಬೆಣ್ಣೆ ಥರ ಬಗ್ಗತ್ತೆ.

ಅದಕ್ಕೇ ಒಳ್ಳೆ ಜಾಯಿಂಟುಗಳಲ್ಲಿ ಒಂದು ಕಡೆ ಕೋನ್, ಇನ್ನೊಂದು ಕಡೆ ಸ್ವಲ್ಪ ಗುಂಡಗಿರೋ ಮೂತಿ ಇರತ್ತೆ, ಗುಂಡು ಕೋನಲ್ಲಿ ಕೂತ್ರೆ ಗೆರೆಯಷ್ಟೇ ತಾಗೋದು. ತುಂಬಾ ಹೈ ಪ್ರೆಷರಿನ ಕೋನ್ ಅಂಡ್ ಥ್ರೆಡ್ ಫಿಟ್ಟಿಂಗಲ್ಲಿ ಇನ್ನೂ ಮಜಾ ಇದೆ: ಪೈಪಿನ ತುದೀಲಿ 59 ಡಿಗ್ರಿ ಕೋನ್, ಫಿಟ್ಟಿಂಗ್ ಬಾಡೀಲಿ 60 ಡಿಗ್ರಿ, ಒಂದೇ ಒಂದು ಡಿಗ್ರಿ ಬೇಕಂತಾನೇ ವ್ಯತ್ಯಾಸ ಇಟ್ಟಿರ್ತಾರೆ. ಅಷ್ಟರಿಂದ ತಾಗೋದು ಸಣ್ಣ ಗೆರೆ, ಅಂಥ ಫಿಟ್ಟಿಂಗು 4,000 ಬಾರ್ ತನಕ ತಡೆಯೋವೂ ಇವೆ. ಗುಂಡಲ್ಲದ ಎರಡು ಕೋನನ್ನ ಕರಾರುವಾಕ್ಕಾಗಿ ಒಂದೇ ಆಂಗಲ್ಲಿಗೆ ಮಾಡ್ಬೇಕು ಅಂತ ಒದ್ದಾಡೋರಿಗೆ ನಾನು ಹೇಳೋದು ಇದನ್ನೇ, ಚೂರು ವ್ಯತ್ಯಾಸ ಇರ್ಲಿ, ಆದ್ರೆ ಯಾವ ಕಡೆ ಅಂತ ಗೊತ್ತಿರ್ಲಿ. ಗಂಡು ಕೋನ್ ಚೂರು ಚೂಪಾಗಿದ್ರೆ ಸೀಲ್ ಒಳಗಡೆ ತೂತಿನ ಹತ್ರ ಬೀಳತ್ತೆ, ಪ್ರೆಷರ್ ಬೀಳೋ ಜಾಗ ಚಿಕ್ಕದಾಗತ್ತೆ, ಅದೇ ಒಳ್ಳೇದು.

ಎರಡನೇ ವಿಷಯ, ಬಿಚ್ಚೋಕಾಗತ್ತಾ ಇಲ್ವಾ ಅನ್ನೋದನ್ನ ತೀರ್ಮಾನ ಮಾಡೋದು ಕೋನಿನ ಆಂಗಲ್ಲು. ಡ್ರಿಲ್ಲಿಂಗ್ ಮಷಿನಲ್ಲಿ ಮೋರ್ಸ್ ಟೇಪರ್ (ಬಿಟ್ ಕೂರಿಸೋ, ತುದಿಗೆ ಹೋಗ್ತಾ ಸಣ್ಣಗಾಗೋ ಭಾಗ) ನೋಡಿದೀರಲ್ಲ, ಒಟ್ಟು ಸುಮಾರು 3 ಡಿಗ್ರಿ ಅಷ್ಟೇ, ತಳ್ಳಿ ಕೂರಿಸಿದ್ರೆ ಕಚ್ಕೊಂಡು ಕೂತ್ಬಿಡತ್ತೆ, ತೆಗೆಯೋಕೆ ಸಂದೀಲಿ ಡ್ರಿಫ್ಟ್ ಅನ್ನೋ ಬೆಣೆ ಇಟ್ಟು ಸುತ್ತಿಗೇಲಿ ಹೊಡೀಬೇಕು. ಒಣ ಲೋಹ ಲೋಹಕ್ಕೆ ಉಜ್ಜೋವಾಗ ಘರ್ಷಣೆಯ ಗುಣಾಂಕ 0.15ರಿಂದ 0.2 ಅಂತ ಹಿಡಿದ್ರೆ, ಮಧ್ಯದ ಗೆರೆಯಿಂದ ಅಳೆದ ಆಂಗಲ್ಲು ಸುಮಾರು 8ರಿಂದ 11 ಡಿಗ್ರಿ ಒಳಗಿದ್ರೆ ಕೋನ್ ತಾನಾಗೇ ಲಾಕ್ ಆಗತ್ತೆ. ಅದಕ್ಕಿಂತ ಜಾಸ್ತಿ ಇದ್ರೆ ನಟ್ಟು ಸಡಿಲಿಸಿದ ತಕ್ಷಣ ಬಿಟ್ಕೊಳ್ಳತ್ತೆ. ಒಟ್ಟು 20-22 ಡಿಗ್ರಿ ಗಡಿ ಅಂದ್ಕೊಳ್ಳಿ. ಹೈಡ್ರಾಲಿಕ್ಕಿನ 24 ಡಿಗ್ರಿ ಕೋನು ಗಡಿಯಿಂದ ಚೂರೇ ಆಚೆ ಇದೆ, 60, 74, 90 ಡಿಗ್ರಿಯವು ಆರಾಮಾಗಿ ಬಿಡತ್ವೆ. ನೀವೇ ಲೇತಲ್ಲಿ ಮಾಡೋದಾದ್ರೆ ಕಣ್ಮುಚ್ಕೊಂಡು 60 ಹಿಡೀರಿ.

ಇಲ್ಲೊಂದು ದೊಡ್ಡ ಗೊಂದಲ ಇದೆ, ಈಗಲೇ ಹೇಳ್ಬಿಡ್ತೀನಿ. ಫ್ಲೇರಲ್ಲಿ 37 ಡಿಗ್ರಿ, 45 ಡಿಗ್ರಿ ಅಂತ ಹೇಳೋದು ಮಧ್ಯದ ಗೆರೆಯಿಂದ ಒಂದು ಬದಿಗೆ, ಒಟ್ಟು ಲೆಕ್ಕ ಹಾಕಿದ್ರೆ 74 ಮತ್ತು 90. ಆದ್ರೆ 24 ಡಿಗ್ರಿ ಕೋನ್, 60 ಡಿಗ್ರಿ ಕೋನ್ ಅನ್ನೋವಾಗ ಅದು ಒಟ್ಟು ಆಂಗಲ್ಲು. ಒಂದೇ ಅಂಗಡೀಲಿ ಒಂದೇ ಟ್ರೇನಲ್ಲಿ ಇವೆಲ್ಲ ಬಿದ್ದಿರತ್ವೆ, ಕೇಳೋವಾಗ ಹುಷಾರು. ಇನ್ನೂ ಕೆಟ್ಟದ್ದು ಏನಂದ್ರೆ 37ರ ಜೆಐಸಿ ಮತ್ತು 45ರ ಎಸ್‌ಎಇ ಅನ್ನೋ ಎರಡು ಸ್ಟ್ಯಾಂಡರ್ಡಿನ ಫಿಟ್ಟಿಂಗಲ್ಲಿ ಕೆಲವು ಸೈಜಿಗೆ ಥ್ರೆಡ್ಡು ಒಂದೇ. ಕಾಲು ಇಂಚಿನ ಟ್ಯೂಬಿಗೆ ಎರಡರಲ್ಲೂ 7/16 ಇಂಚು, ಇಂಚಿಗೆ 20 ಥ್ರೆಡ್ಡು. ಅರ್ಧ ಇಂಚಿಗೆ ಎರಡರಲ್ಲೂ 3/4, ಇಂಚಿಗೆ 16. ಕೈಯಲ್ಲಿ ಸಲೀಸಾಗಿ ತಿರುಗತ್ತೆ, ಪೂರ್ತಿ ಟೈಟೂ ಆಗತ್ತೆ, ಸೀಲ್ ಮಾತ್ರ ಆಗಲ್ಲ, ಅಥವಾ ಇವತ್ತು ಆಗಿ ನಾಳೆ ಹೋಗತ್ತೆ. 3/8 ಇಂಚಿಗೆ ಮಾತ್ರ ಬೇರೆ ಬೇರೆ ಥ್ರೆಡ್ಡು, 9/16 ಮತ್ತು 5/8, ಹಾಗಾಗಿ ಅಲ್ಲಿ ತಪ್ಪಾಗಲ್ಲ. ಒಂದು ಇಡೀ ಸಾಯಂಕಾಲ ಈ ಕಾಲಿಂಚಿನ ಗೊಂದಲದಲ್ಲಿ ಕಳೆದ ಮೇಲೆ ನಾನು ಗಟ್ಟಿ ರಟ್ಟಲ್ಲಿ 37 ಮತ್ತು 45ರ ಎರಡು ತುಂಡು ಕತ್ತರಿಸಿ ಟೂಲ್ ಬಾಕ್ಸಲ್ಲಿ ಹಾಕ್ಕೊಂಡಿದೀನಿ, ಮೂತಿಗೆ ಹಿಡಿದು ಲೈಟಿಗೆ ನೋಡಿದ್ರೆ ಗೊತ್ತಾಗ್ಬಿಡತ್ತೆ.

ಈಗ ಕೆಲಸಕ್ಕೆ ಬರೋಣ. ಯಾವ ಜಾಯಿಂಟ್ ಆರಿಸ್ಕೋಬೇಕು? ತೆಳ್ಳಗಿನ ತಾಮ್ರ, ಅಲ್ಯುಮಿನಿಯಂ, ಮೆತ್ತಗಿನ ಸ್ಟೀಲ್ ಟ್ಯೂಬಾದ್ರೆ ಫ್ಲೇರ್. ಟ್ಯೂಬಿನ ತುದಿ ಅರಳಿಸೋ ಟೂಲ್ ಇಲ್ಲ ಅಥವಾ ಅರಳಿಸಿದ್ರೆ ಬಿರುಕು ಬಿಡೋ ಟ್ಯೂಬಾದ್ರೆ ಫೆರೂಲ್, ಅಂದ್ರೆ ಟ್ಯೂಬನ್ನ ಕಚ್ಚಿ ಹಿಡಿಯೋ ಉಂಗುರ. ದಪ್ಪ ಕಬ್ಬಿಣದ ಥ್ರೆಡ್ ಪೈಪಾದ್ರೆ ಕೋನ್ ಸೀಟಿನ ಯೂನಿಯನ್. ಹೊಗೆ, ಸೈಲೆನ್ಸರ್, ಬಿಸಿಗಾಳಿ ಥರದ್ದಾದ್ರೆ ಸುಮ್ನೆ ಒಂದರೊಳಗೊಂದು ತೂರಿಸೋ ಸ್ಲಿಪ್ ಜಾಯಿಂಟ್ ಸಾಕು. ಲೇತ್ ಇದ್ರೆ ನಿಮ್ದೇ ಕೋನ್ ನಿಪ್ಪಲ್, ಅಂದ್ರೆ ಬಟ್ಟಲೊಳಗೆ ಕೂರೋ ಗಂಡು ತುಂಡು. ಅಡುಗೆ ಗ್ಯಾಸ್ ಲೈನಾಗಿದ್ರೆ ಇದನ್ನ ಓದಿ ತಿಳ್ಕೊಳ್ಳಿ, ಕೆಲಸ ಮಾತ್ರ ಲೈಸೆನ್ಸ್ ಇರೋರ ಕೈಲಿ ಮಾಡ್ಸಿ.

ಫ್ಲೇರ್ ಮಾಡೋದು

ಟ್ಯೂಬ್ ಕಟರಲ್ಲೇ ಕತ್ತರಿಸಿ. ಹ್ಯಾಕ್ಸಾ ಬ್ಲೇಡಲ್ಲಿ ಕುಯ್ದ್ರೆ ತುದಿ ಓರೆಯಾಗತ್ತೆ, ಓರೆ ತುದಿ ಅರಳಿಸಿದ್ರೆ ಒಂದು ಕಡೆ ಅಗಲ ಒಂದು ಕಡೆ ಕಿರಿದು, ಅಲ್ಲಿಗೆ ಮುಗೀತು. ಕಟರ್ ಚಕ್ರವನ್ನ ಒಂದೇ ಸಲ ಬಿಗಿಬೇಡಿ, ಪ್ರತಿ ಸುತ್ತಿಗೂ ಚೂರ್ ಚೂರೇ ಬಿಗೀತಾ ಹೋಗಿ, ಇಲ್ದಿದ್ರೆ ಟ್ಯೂಬಿನ ಬಾಯಿ ಒಳಕ್ಕೆ ಮುದುರ್ಕೊಳ್ಳತ್ತೆ.

ಆಮೇಲೆ ಒಳಗಿನ ಅಂಚಲ್ಲಿರೋ ಬರ್ (ಕತ್ತರಿಸಿದಾಗ ಎದ್ದ ಒರಟು ಚೂರು) ತೆಗೀಬೇಕು. ಟ್ಯೂಬಿನ ಬಾಯಿ ಕೆಳಗೆ ಮಾಡಿ ಹಿಡ್ಕೊಂಡೇ ತೆಗೀರಿ, ಚೂರು ನೆಲಕ್ಕೆ ಬೀಳ್ಲಿ, ಟ್ಯೂಬೊಳಗೆ ಬೇಡ. ಆದ್ರೆ ಅತಿಯಾಗಿ ಕೆರೀಬೇಡಿ, ಅಂಚು ತೆಳ್ಳಗಾಗಿ ಚೂಪಾದ್ರೆ ಅರಳಿಸೋವಾಗ ಅಲ್ಲೇ ಸೀಳತ್ತೆ. ಬರ್ ಹೋದ್ರೆ ಸಾಕು.

ನಟ್ಟು ಹಾಕಿ. ಈಗಲೇ. ಅರಳಿಸೋಕೆ ಮುಂಚೆ. ಇದನ್ನ ಮರೀದೇ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲ, ಚೆಂದದ ಫ್ಲೇರ್ ಮಾಡಿ ಬೀಗ್ತಾ ಇರೋವಾಗ ನಟ್ಟು ಟೇಬಲ್ ಮೇಲೆ ಕೂತು ನಗ್ತಿರತ್ತೆ.

ಟ್ಯೂಬ್ ಗಟ್ಟಿಯಾಗಿದ್ರೆ, ಹಳೇ ತಾಮ್ರ ಬಗ್ಗಿಸಿ ಬಗ್ಗಿಸಿ ಗಟ್ಟಿಯಾಗಿರತ್ತೆ, ತುದಿಯನ್ನ ಮಂದ ಕೆಂಪು ಬರೋ ತನಕ ಕಾಯಿಸಿ. ತಾಮ್ರ ಸ್ಟೀಲ್ ಥರ ಅಲ್ಲ, ನೀರಲ್ಲಿ ಅದ್ದಿ ತಣ್ಣಗೆ ಮಾಡಿದ್ರೂ ಮೆತ್ತಗೇ ಆಗತ್ತೆ, ಹಾಗಾಗಿ ಕಾಯೋ ಅಗತ್ಯ ಇಲ್ಲ. ಮೇಲಿನ ಕಪ್ಪು ಪದರ ಉಜ್ಜಿ ತೆಗೀರಿ, ಅದು ಸೀಟಿನ ಮೇಲೆ ಉಳಿದ್ರೆ ಸೀಲ್ ಆಗಲ್ಲ.

ಫ್ಲೇರಿಂಗ್ ಬಾರಲ್ಲಿ ಟ್ಯೂಬ್ ಇಟ್ಟು ಬಿಗೀರಿ, ಎಷ್ಟು ಮೇಲೆ ಎದ್ದಿರಬೇಕು ಅನ್ನೋದು ಟೂಲಿಂದ ಟೂಲಿಗೆ ಬೇರೆ, ಅದರ ಜೊತೆ ಬಂದಿರೋ ಚೀಟಿ ನೋಡಿ. ಕೋನಿಗೆ ಒಂದು ಹನಿ ಎಣ್ಣೆ ಹಚ್ಚಿ. ಎಕ್ಸೆಂಟ್ರಿಕ್ ಕೋನ್ (ಮಧ್ಯದಿಂದ ಚೂರು ಪಕ್ಕಕ್ಕಿರೋ ಕೋನ್) ಇರೋ ಟೂಲ್ ಸಿಕ್ರೆ ಅದನ್ನೇ ತಗೊಳ್ಳಿ, ಅದು ಲೋಹವನ್ನ ಸುತ್ತಲೂ ಉರುಳಿಸ್ತಾ ಅರಳಿಸತ್ತೆ, ಸಾದಾ ಟೂಲು ನೇರ ಒತ್ತಿ ಉಜ್ಜತ್ತೆ, ಎರಡರ ಮೈಯಲ್ಲಿ ಅಜಗಜಾಂತರ. ಏಸಿ ಕೆಲಸದ ಅಳತೇಲಿ ಅರಳಿದ ಬಾಯಿ ಕಾಲು ಇಂಚಿನ ಟ್ಯೂಬಿಗೆ ಸುಮಾರು 9 ಮಿಮೀ, 3/8ಕ್ಕೆ 13, ಅರ್ಧ ಇಂಚಿಗೆ 16.5 ಆಸುಪಾಸು ಬರಬೇಕು. ಚಿಕ್ಕದಾದ್ರೆ ನಟ್ಟು ಹಿಡಿಯೋಕೆ ಅಂಚು ಸಾಲಲ್ಲ, ಪ್ರೆಷರ್ ಬಂದಾಗ ಟ್ಯೂಬ್ ಜಾರಿ ಆಚೆ ಬರತ್ತೆ, ಇದು ಲೀಕಿಗಿಂತ ಅಪಾಯ. ದೊಡ್ಡದಾದ್ರೆ ನಟ್ಟಿನೊಳಗೆ ಥ್ರೆಡ್ಡಿಗೆ ಉಜ್ಜತ್ತೆ.

ಈಗ ನೋಡಿ. ಸುಮ್ನೆ ಕಣ್ಣಾಡಿಸೋದಲ್ಲ, ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ. ಒಳಮೈ ಕನ್ನಡಿ ಥರ ಇರಬೇಕು, ಅಂಚು ಒಂದೇ ದಪ್ಪ, ಬಿರುಕಿಲ್ಲ, ಉದ್ದಕ್ಕೆ ಗೀರಿಲ್ಲ. ಡೌಟ್ ಬಂತಾ, ಕತ್ತರಿಸಿ ಬಿಸಾಕಿ ಇನ್ನೊಂದು ಮಾಡಿ, ಒಂದು ಇಂಚು ಟ್ಯೂಬ್ ಹೋಗತ್ತೆ ಅಷ್ಟೇ ತಾನೆ. ಅದಕ್ಕೇ ಟ್ಯೂಬನ್ನ ಯಾವತ್ತೂ ಸ್ವಲ್ಪ ಉದ್ದ ಇಟ್ಕೊಳ್ಳಿ.

ಸೇರಿಸೋವಾಗ ಮೊದಲು ಟ್ಯೂಬನ್ನ ಕೈಯಲ್ಲೇ ನೇರ ಹಿಡಿದು ಕೋನಿನ ಮೇಲೆ ಕೂರಿಸಿ, ನಟ್ಟನ್ನ ಬೆರಳಲ್ಲೇ ಕೊನೆ ತನಕ ತಿರುಗಿಸಿ. ಬೆರಳಲ್ಲಿ ಹೋಗ್ತಿಲ್ಲ ಅಂದ್ರೆ ಟ್ಯೂಬ್ ಓರೆ ಇದೆ ಅಂತ ಅರ್ಥ, ನಟ್ಟಿನ ಬಲದಿಂದ ಟ್ಯೂಬ್ ಎಳೆದು ನೇರ ಮಾಡೋಕೆ ಹೋಗ್ಬೇಡಿ, ಬೆಂಡ್ ಸರಿ ಮಾಡಿ. ಆಮೇಲೆ ಎರಡು ಸ್ಪ್ಯಾನರ್, ಒಂದು ಫಿಟ್ಟಿಂಗ್ ಬಾಡಿ ಹಿಡಿಯೋಕೆ, ಒಂದು ನಟ್ಟಿಗೆ. ಒಂದೇ ಸ್ಪ್ಯಾನರಲ್ಲಿ ಎಳೆದ್ರೆ ಟ್ಯೂಬ್ ತಿರುಚ್ಕೊಳ್ಳತ್ತೆ, ಫ್ಲೇರ್ ಸೀಟಿನ ಮೇಲೆ ಉಜ್ಜಿ ಗೀರತ್ತೆ. ಫ್ಲೇರಿನ ಹಿಂಬದಿಗೆ ನಟ್ಟು ತಾಗೋ ಕಡೆ ಒಂದು ಹನಿ ಎಣ್ಣೆ ಹಾಕಿದ್ರೆ ನಟ್ಟು ತಿರುಗತ್ತೆ, ಟ್ಯೂಬ್ ತಿರುಗಲ್ಲ.

ಎಷ್ಟು ಬಿಗೀಬೇಕು? ಏಸಿ ತಾಮ್ರದ ಲೈನಲ್ಲಿ ಸಾಮಾನ್ಯವಾಗಿ ಕಾಲು ಇಂಚಿಗೆ 14ರಿಂದ 18 ನ್ಯೂಟನ್ ಮೀಟರ್, 3/8ಕ್ಕೆ 33ರಿಂದ 42, ಅರ್ಧ ಇಂಚಿಗೆ 50ರಿಂದ 60, ನಿಮ್ಮ ಮಷಿನಿನ ಪುಸ್ತಕದಲ್ಲಿ ಬೇರೆ ಇದ್ರೆ ಅದೇ ಕೊನೆ ಮಾತು. ಟಾರ್ಕ್ ರೆಂಚ್ ಇಲ್ದೇ ಇರೋ ಸ್ಟೀಲ್ ಹೈಡ್ರಾಲಿಕ್ ಜಾಯಿಂಟಲ್ಲಿ ಫ್ಲ್ಯಾಟ್ ಎಣಿಸೋ ಪದ್ಧತಿ ಇದೆ: ನಟ್ಟಿಗೆ ಆರು ಮುಖ, ಒಂದು ಮುಖ ತಿರುಗಿದ್ರೆ 60 ಡಿಗ್ರಿ. ಬೆರಳಲ್ಲಿ ಟೈಟ್ ಮಾಡಿ, ಮಾರ್ಕರಲ್ಲಿ ನಟ್ಟಿಗೂ ಬಾಡಿಗೂ ಸೇರಿಸಿ ಗೆರೆ ಎಳೆದು, ಆಮೇಲೆ ಸೈಜ್ ನೋಡ್ಕೊಂಡು ಒಂದರಿಂದ ಎರಡು ಮುಖ ತಿರುಗಿಸೋದು, ಚಿಕ್ಕ ಸೈಜಿಗೆ ಜಾಸ್ತಿ, ದೊಡ್ಡದಕ್ಕೆ ಕಮ್ಮಿ. ಗೆರೆ ಇನ್ನೊಂದು ಉಪಯೋಗಕ್ಕೂ ಬರತ್ತೆ, ಮುಂದೆ ಯಾವತ್ತೋ ನೋಡಿದಾಗ ಸಡಿಲ ಆಗಿದ್ಯಾ ಇಲ್ವಾ ಅಂತ ದೂರದಿಂದಲೇ ಕಾಣತ್ತೆ, ಬಿಗಿಯೋಕೆ ಮರೆತ ನಟ್ಟೂ ಸಿಕ್ಕಿಬೀಳತ್ತೆ.

ಗಾಡಿ ಬ್ರೇಕ್ ಲೈನ್ ವಿಷಯ ಬೇರೆ. ಅಲ್ಲಿ ಸ್ಟೀಲ್ ಟ್ಯೂಬಿಗೆ ಒಂದೇ ಮಡಿಕೆ ಫ್ಲೇರ್ ನಡೆಯಲ್ಲ, ಅಂಚನ್ನ ಒಳಕ್ಕೆ ಮಡಚಿ ಎರಡು ಪದರ ಮಾಡೋ ಡಬಲ್ ಫ್ಲೇರ್ ಬೇಕು, ಇಲ್ಲಾ ಗಾಡೀಲಿ ಬಾಯಿ ಗುಳ್ಳೆ ಥರ ಉಬ್ಬಿರೋ ಬಬಲ್ ಫ್ಲೇರ್ ಇದ್ರೆ ಅದೇ ಬೇಕು, ಒಂದರ ಜಾಗಕ್ಕೆ ಇನ್ನೊಂದು ಹಾಕೋಹಾಗಿಲ್ಲ. ಮೊದಲ ಸಲ ಕಲಿಯೋದನ್ನ ಬ್ರೇಕ್ ಲೈನ್ ಮೇಲೆ ಕಲೀಬೇಡಿ ದಯವಿಟ್ಟು.

ಫೆರೂಲ್ ಫಿಟ್ಟಿಂಗ್

ಇದರಲ್ಲಿ ಟ್ಯೂಬಿನ ಮೇಲೆ ಒಂದು ಸಣ್ಣ ಉಂಗುರ, ಕೆಲವದರಲ್ಲಿ ಎರಡು. ನಟ್ಟು ಬಿಗಿದಾಗ ಉಂಗುರ ಬಾಡಿಯ ಕೋನಿಗೆ ತಗಲಿ ಒಳಕ್ಕೆ ಹಿಂಡ್ಕೊಂಡು ಟ್ಯೂಬನ್ನ ಕಚ್ಚತ್ತೆ, ಆಮೇಲೆ ಅದು ಟ್ಯೂಬಿನದ್ದೇ ಭಾಗ ಆಗೋಗತ್ತೆ. ನಟ್ಟು ಬಿಚ್ಚಿದ್ರೆ ಉಂಗುರ ಟ್ಯೂಬಿನ ಜೊತೆ ಬರತ್ತೆ, ವಾಪಸ್ ಹಾಕಿದ್ರೆ ಅದೇ ಜಾಗದಲ್ಲಿ ಕೂರತ್ತೆ. ಉಂಗುರ ಟ್ಯೂಬಿಗಿಂತ ಗಟ್ಟಿ ಇರಬೇಕು, ಇಲ್ಲಾಂದ್ರೆ ಕಚ್ಚಲ್ಲ. ಟ್ಯೂಬ್ ಮೇಲೆ ಉದ್ದ ಗೀರು ಇದ್ರೆ ಆ ತುಂಡು ಬೇಡ, ಗೀರೇ ನಾಲೆ ಆಗತ್ತೆ.

ಟ್ಯೂಬನ್ನ ಬಾಡಿ ಒಳಗಿನ ಮೆಟ್ಟಿಲಿಗೆ ತಾಗೋ ತನಕ ತಳ್ಳಿ. ಅದು ಮುಖ್ಯ, ಅರ್ಧ ತಳ್ಳಿ ಬಿಗಿದವರ ಜಾಯಿಂಟು ಪ್ರೆಷರ್ ಬಂದಾಗ ಬಾಣದ ಥರ ಆಚೆ ಬರತ್ತೆ. ನಟ್ಟು ಬೆರಳಲ್ಲಿ ಟೈಟ್ ಮಾಡಿ, ಗಡಿಯಾರದ ಆರರ ಜಾಗದಲ್ಲಿ ಮಾರ್ಕ್ ಹಾಕಿ, ಬಾಡಿ ಗಟ್ಟಿಯಾಗಿ ಹಿಡಿದು ಒಂದೂಕಾಲು ಸುತ್ತು ತಿರುಗಿಸಿ, ಮಾರ್ಕ್ ಒಂಬತ್ತಕ್ಕೆ ಬಂದು ನಿಲ್ಲತ್ತೆ. ಇದು ಎರಡು ಉಂಗುರದ ಫಿಟ್ಟಿಂಗಲ್ಲಿ ಕಾಲು ಇಂಚು ಮತ್ತು ಅದಕ್ಕಿಂತ ದೊಡ್ಡದಕ್ಕೆ, ಒಂದಿಂಚಿನ ತನಕ. 3/16 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಮುಕ್ಕಾಲು ಸುತ್ತು ಸಾಕು. ಬಿಚ್ಚೋದಕ್ಕೆ ಮುಂಚೆ ನಟ್ಟಿಗೂ ಟ್ಯೂಬಿಗೂ ಗೆರೆ ಎಳ್ಕೊಳ್ಳಿ, ವಾಪಸ್ ಹಾಕೋವಾಗ ಸ್ಪ್ಯಾನರಲ್ಲಿ ಆ ಗೆರೆ ತನಕ ತಂದು, ಅಲ್ಲಿಂದ ಚೂರೇ ಚೂರು ಒತ್ತಿದ್ರೆ ಮುಗೀತು. ಮತ್ತೆ ಒಂದೂಕಾಲು ಸುತ್ತು ಹಾಕೋರಿದಾರೆ, ಅವರು ಒಂದೆರಡು ಸಲದಲ್ಲೇ ಉಂಗುರ ಹಿಂಡಿ ಹಾಕ್ತಾರೆ. ಒಂದು ಕಂಪನಿ ನಟ್ಟಿಗೆ ಇನ್ನೊಂದು ಕಂಪನಿ ಉಂಗುರನೂ ಬೇಡ, ಹೊರಗಿಂದ ಒಂದೇ ಥರ ಕಂಡ್ರೂ ಒಳಗಿನ ಅಳತೆ ಬೇರೆ.

ಕೋನ್ ಸೀಟಿನ ಯೂನಿಯನ್

ದಪ್ಪ ಪೈಪಿನ ಲೈನಲ್ಲಿ ಬಿಚ್ಚೋ ಜಾಗ ಅಂದ್ರೆ ಯೂನಿಯನ್ನು. ಅದರಲ್ಲಿ ಎರಡು ಥರ, ಒಂದರಲ್ಲಿ ಚಪ್ಪಟೆ ಮುಖ, ಮಧ್ಯೆ ವಾಷರ್ ಹಾಕ್ಬೇಕು. ಇನ್ನೊಂದರಲ್ಲಿ ಒಂದು ಕಡೆ ಗುಂಡು ಅಥವಾ ಕೋನ್, ಇನ್ನೊಂದು ಕಡೆ ಅದಕ್ಕೆ ಸರಿಯಾದ ಬಟ್ಟಲು, ವಾಷರ್ ಬೇಡ. ಕೊಳ್ಳೋವಾಗ ಬಿಚ್ಚಿ ನೋಡಿ ತಗೊಳ್ಳಿ. ಒಂದು ಕಡೆ ಹಿತ್ತಾಳೆ ಅಥವಾ ಕಂಚಿನ ಸೀಟ್, ಇನ್ನೊಂದು ಕಡೆ ಕಬ್ಬಿಣ ಇರೋದು ಸಿಕ್ರೆ ಎರಡು ರೂಪಾಯಿ ಜಾಸ್ತಿ ಆದ್ರೂ ಅದೇ ಒಳ್ಳೇದು, ಮೆತ್ತಗಿನದು ಬಗ್ಗಿ ಕೂರತ್ತೆ, ತುಕ್ಕು ಹಿಡಿದು ಒಂದಕ್ಕೊಂದು ಅಂಟ್ಕೊಳ್ಳೋದೂ ಕಮ್ಮಿ. ಪೈಪಿಗೆ ಕೂರೋ ಆಚೀಚೆ ತುದಿಯ ಥ್ರೆಡ್ಡಿಗೆ ಟೇಪ್ ಬೇಕೇ ಬೇಕು, ಅವು ಪರ್ಮನೆಂಟು, ಟೇಪ್ ಬೇಡ ಅಂದಿದ್ದು ಮಧ್ಯದ ದೊಡ್ಡ ನಟ್ಟಿಗೆ ಮಾತ್ರ.

ಎರಡು ಪೈಪ್ ಒಂದೇ ಗೆರೇಲಿ ಇರಬೇಕು. ಗುಂಡು ಸೀಟು ಚೂರು ಓರೆ ತಡ್ಕೊಳ್ಳತ್ತೆ, ಕೋನ್ ತಡ್ಕೊಳ್ಳಲ್ಲ. ನಟ್ಟು ಹಾಕದೆ ಎರಡು ಮುಖ ತಾಗಿಸಿ ನೋಡಿ, ತಾನಾಗೇ ಕೂತ್ರೆ ಸರಿ, ಎಳೆದು ಕೂರಿಸಬೇಕಾದ್ರೆ ಮೊದಲು ಪೈಪಿನ ಕ್ಲಾಂಪ್ ಸರಿ ಮಾಡಿ.

ಹಳೇ ಯೂನಿಯನ್ ಸೀಟಲ್ಲಿ ಗುಳಿ ಬಿದ್ದಿದ್ರೆ ಬಿಸಾಕೋಕೆ ಮುಂಚೆ ಉಜ್ಜಿ ನೋಡಿ. ಇಂಜಿನ್ ವಾಲ್ವ್ ಉಜ್ಜೋ ಗ್ರೈಂಡಿಂಗ್ ಪೇಸ್ಟ್ ಇರತ್ತಲ್ಲ, ಅದನ್ನ ತೆಳ್ಳಗೆ ಹಚ್ಚಿ ಎರಡು ಮುಖ ತಾಗಿಸಿ ಅರ್ಧ ಸುತ್ತು ಆಕಡೆ ಅರ್ಧ ಸುತ್ತು ಈಕಡೆ ತಿರುಗಿಸ್ತಾ, ನಡುನಡುವೆ ಎತ್ತಿ ಬೇರೆ ಜಾಗಕ್ಕೆ ಇಟ್ಟು ಮತ್ತೆ ತಿರುಗಿಸ್ತಾ ಹೋಗಿ. ಸುತ್ತಲೂ ಒಡೆಯದ ಬೂದು ಬಳೆ ಕಾಣೋ ತನಕ. ಜಾಸ್ತಿ ಉಜ್ಜಿದ್ರೆ ಬಳೆ ಅಗಲ ಆಗತ್ತೆ, ಮೇಲೆ ಹೇಳಿದ ಲೆಕ್ಕ ನೆನಪಿರ್ಲಿ, ಅಗಲ ಆದಷ್ಟೂ ಒತ್ತಡ ಕಮ್ಮಿ. ಮುಗಿದ ಮೇಲೆ ಪೇಸ್ಟ್ ಪೂರ್ತಿ ತೊಳೀರಿ, ಸೀಮೆಎಣ್ಣೆ ಹಾಕಿ ಬಟ್ಟೇಲಿ ಒರೆಸಿ ಮತ್ತೆ ಒರೆಸಿ. ಈ ಜೋಡಿ ಇನ್ಮೇಲೆ ಗಂಡ ಹೆಂಡತಿ ಥರ, ಒಂದರ ಅರ್ಧ ಇನ್ನೊಂದಕ್ಕೆ ಹಾಕೋಹಾಗಿಲ್ಲ, ಎರಡಕ್ಕೂ ಒಂದೇ ನಂಬರ್ ಪಂಚ್ ಹೊಡೆದಿಡಿ.

ಲೇತ್ ಇರೋರಿಗೆ

ಬಟ್ಟಲು ಕಡೆ 60 ಡಿಗ್ರಿ ಕೋನ್ ಕೊರೆಯೋಕೆ ಕಾಂಪೌಂಡ್ ಸ್ಲೈಡನ್ನ 30ಕ್ಕೆ ತಿರುಗಿಸಿ. ನಿಪ್ಪಲ್ ಮೂತಿಯನ್ನ ಕೋನ್ ಮಾಡೋ ಬದಲು ಗುಂಡು ಮಾಡಿ, ರೇಡಿಯಸ್ ಟೂಲ್ ಇಲ್ಲ ಅಂದ್ರೆ ಒಂದೆರಡು ಡಿಗ್ರಿ ಚೂಪಾದ ಕೋನ್ ಮಾಡಿ ಅಂಚು ಮುರೀರಿ. ನಿಪ್ಪಲ್ಲು ಹಿತ್ತಾಳೆ, ಬಟ್ಟಲು ಸ್ಟೀಲು ಇದ್ರೆ ಸವೆಯೋದು ನಿಪ್ಪಲ್ಲು, ಅದನ್ನ ಮತ್ತೆ ಮಾಡೋದು ಸುಲಭ. ನಿಪ್ಪಲ್ ಹಿಂದೆ ಹೆಗಲು ಬಿಡಿ, ನಟ್ಟು ಒತ್ತೋದು ಅದರ ಮೇಲೆ. ನಟ್ಟಿನ ಪಕ್ಕದಲ್ಲಿ ಎರಡು ಮಿಮೀ ತೂತು ಒಂದು ಕೊರೆದಿಡಿ, ಹೈ ಪ್ರೆಷರ್ ಫಿಟ್ಟಿಂಗಲ್ಲೂ ಹೀಗೇ ಇರತ್ತೆ, ಸೀಟ್ ಲೀಕಾದ್ರೆ ಅಲ್ಲಿಂದ ಹನಿ ಬರತ್ತೆ, ಥ್ರೆಡ್ ಒಳಗೆ ಪ್ರೆಷರ್ ಸೇರ್ಕೊಳ್ಳಲ್ಲ.

ಫಿನಿಷ್ ಬಗ್ಗೆ ಒಂದು ಮಾತು, ಇದು ನನಗೆ ಒಬ್ಬ ಹಳೇ ಟರ್ನರ್ ಹೇಳ್ಕೊಟ್ಟಿದ್ದು. ಟೂಲ್ ಬಿಟ್ಟ ಗೆರೆ ಸುತ್ತಲೂ ಬಳೆ ಥರ ಇದ್ರೆ ಪರವಾಗಿಲ್ಲ, ಅವು ಒಂದರ ಹಿಂದೊಂದು ಗೋಡೆ ಇದ್ದ ಹಾಗೆ. ಆದ್ರೆ ಒಳಗಿಂದ ಹೊರಗೆ ಹೋಗೋ ಒಂದೇ ಒಂದು ಅಡ್ಡ ಗೀರು ಇದ್ರೆ ಅದೇ ಬಾಗಿಲು. ಹಾಗಾಗಿ ನುಣುಪು ಮಾಡೋಕೆ ಎಮರಿ ಪೇಪರ್ ಹಿಡಿದು ಹಿಂದೆ ಮುಂದೆ ಉಜ್ಜಬೇಡಿ, ಲೇತಲ್ಲಿ ತಿರುಗ್ತಾ ಇರೋವಾಗ ಕೋಲಿಗೆ ಪೇಪರ್ ಸುತ್ತಿ ತಾಗಿಸಿ, ಗೆರೆ ಸುತ್ತಲೂ ಬರೋ ಹಾಗೆ. ಪೇಪರನ್ನ ಬೆರಳಲ್ಲಿ ಒತ್ತಿ ಹಿಡಿಯೋದಂತೂ ಬೇಡವೇ ಬೇಡ, ಬೆರಳು ಹೋಗತ್ತೆ.

ಸ್ಲಿಪ್ ಜಾಯಿಂಟ್

ಹೊಗೆ ಪೈಪಿಗೆ ಇಷ್ಟೆಲ್ಲ ಬೇಡ. ಒಂದು ಪೈಪಿನ ಬಾಯಿ ಅಗಲಿಸಿ ಇನ್ನೊಂದು ಎರಡು ವ್ಯಾಸದಷ್ಟು ಒಳಗೆ ಹೋಗೋ ಹಾಗೆ ಮಾಡಿ, ಹೊರಗಿನ ಪೈಪಲ್ಲಿ ಉದ್ದಕ್ಕೆ ಎರಡು ಸೀಳು ಕುಯ್ದು ಕ್ಲಾಂಪ್ ಹಾಕಿ. ಸೀಳಿಗಿಂತ ಒಳಗಿನ ಪೈಪ್ ಮುಂದಕ್ಕೆ ಹೋಗಿರಬೇಕು, ಇಲ್ದಿದ್ರೆ ಸೀಳಲ್ಲೇ ಹೊಗೆ. ಹೊಗೆ ಹೋಗೋ ದಿಕ್ಕಲ್ಲಿ ಒಳಗಿನ ಪೈಪ್ ಮೊದಲು, ಹೊರಗಿನದು ಆಮೇಲೆ. ಇಂಜಿನ್ ಅಲುಗಾಡೋ ಕಡೆ ಗುಂಡು ಮತ್ತು ಬಟ್ಟಲಿನ ಫ್ಲ್ಯಾಂಜಿಗೆ ಸ್ಪ್ರಿಂಗ್ ಬೋಲ್ಟ್ ಹಾಕಿದ್ದು ಚೆನ್ನ. ಇವು ಯಾವುವೂ ನೂರಕ್ಕೆ ನೂರು ಸೀಲಲ್ಲ, ಹಾಗಾಗಿ ಮನೆಯೊಳಗೆ ಹೋಗೋ ಹೊಗೆ ಪೈಪಿಗೆ ಇದನ್ನ ನಂಬ್ಕೋಬೇಡಿ.

ಕಚ್ಕೊಳ್ಳೋ ರೋಗ

ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ಥ್ರೆಡ್ಡು, ಒಣಗಿದ್ದಾಗ, ಬೇಗ ಬೇಗ ತಿರುಗಿಸಿದ್ರೆ ಮಧ್ಯದಲ್ಲೇ ಕಚ್ಕೊಂಡು ಹಿಂದೆನೂ ಇಲ್ಲ ಮುಂದೆನೂ ಇಲ್ಲ ಅನ್ನೋ ಸ್ಥಿತಿಗೆ ಬರತ್ತೆ, ಕೊನೆಗೆ ಗರಗಸವೇ ಗತಿ. ಮೇಲಿನ ಪದರ ಉಜ್ಜಿ ಹೋಗಿ ಒಳಗಿನ ಲೋಹ ಒಂದಕ್ಕೊಂದು ಬೆಸೆದುಕೊಳ್ಳೋದು ಕಾರಣ. ಅದಕ್ಕೆ ಥ್ರೆಡ್ಡಿಗೆ ನಿಕಲ್ ಅಥವಾ ಮಾಲಿಬ್ಡಿನಂ ಇರೋ ಆಂಟಿ ಸೀಜ್ (ಕಚ್ಕೊಳ್ಳದ ಹಾಗೆ ತಡೆಯೋ ಪೇಸ್ಟ್) ಹಚ್ಚಿ, ನಿಧಾನಕ್ಕೆ ತಿರುಗಿಸಿ. ಒಳ್ಳೆ ಫೆರೂಲ್ ನಟ್ಟುಗಳ ಥ್ರೆಡ್ಡಿಗೆ ಬೆಳ್ಳಿ ಲೇಪ ಇರೋದೂ ಇದಕ್ಕೇ. ಪೇಸ್ಟ್ ಸೀಟಿನ ಮೇಲೆ ಮಾತ್ರ ಬೀಳಬಾರದು. ಆಕ್ಸಿಜನ್ ಲೈನಾದ್ರೆ ಎಣ್ಣೆ, ಗ್ರೀಸ್ ಯಾವುದೂ ಮುಟ್ಟಿಸ್ಬೇಡಿ, ಎಣ್ಣೆ ಕೈಯಲ್ಲೂ ಮುಟ್ಬೇಡಿ, ಪ್ರೆಷರ್ ಆಕ್ಸಿಜನ್ನಲ್ಲಿ ಎಣ್ಣೆ ತಾನಾಗೇ ಹೊತ್ಕೊಳ್ಳತ್ತೆ.

ಒದ್ದೆ ಇರೋ ಕಡೆ ತಾಮ್ರವನ್ನ ನೇರವಾಗಿ ಗ್ಯಾಲ್ವನೈಸ್ ಪೈಪಿಗೆ ಸೇರಿಸಿದ್ರೆ ಸತು ಮೊದಲು ಹೋಗತ್ತೆ, ಆಮೇಲೆ ಕಬ್ಬಿಣ. ಬಿಸಿಯಾಗಿ ತಣ್ಣಗಾಗೋ ಲೈನಲ್ಲಿ ಇನ್ನೊಂದು ತೊಂದರೆ, ಹಿತ್ತಾಳೆ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗತ್ತೆ, ಹಾಗಾಗಿ ಸ್ಟೀಲ್ ಪೈಪ್ ಮೇಲೆ ಹಿತ್ತಾಳೆ ನಟ್ಟು ಇದ್ರೆ ಬಿಸಿಯಾದಾಗ ಹಿಡಿತ ಸಡಿಲ ಆಗತ್ತೆ. ನಟ್ಟು ಪೈಪಿನ ಜಾತಿಯದ್ದೇ ಇರ್ಲಿ.

ಟೆಸ್ಟ್ ಮತ್ತು ಲೀಕು

ಹೊಸ ಜಾಯಿಂಟನ್ನ ಮೊದಲು ನೀರಲ್ಲಿ ಟೆಸ್ಟ್ ಮಾಡಿ, ಲೈನೊಳಗಿನ ಗಾಳಿ ಪೂರ್ತಿ ಬಿಟ್ಟು. ಕೆಲಸದ ಪ್ರೆಷರಿನ ಒಂದೂವರೆ ಪಟ್ಟು ಕೊಡೋದು ವಾಡಿಕೆ. ಗಾಳೀಲಿ ಹೈ ಪ್ರೆಷರ್ ಟೆಸ್ಟ್ ಮಾಡ್ಬೇಡಿ, ನೀರು ಹಿಂಡೋಕಾಗಲ್ಲ, ಜಾಯಿಂಟ್ ಬಿಟ್ರೂ ಪಿಚಕ್ ಅಂತ ಮುಗಿಯತ್ತೆ, ಗಾಳಿ ಹಿಂಡ್ಕೊಂಡಿರತ್ತೆ, ಬಿಟ್ರೆ ಪೈಪೇ ಹಾರತ್ತೆ. ನೀರು ಸೋಕಿಸಬಾರದ ಏಸಿ, ಗ್ಯಾಸ್ ಥರದ ಲೈನಿಗೆ ಈ ಟೆಸ್ಟ್ ಇಲ್ಲ, ಅದಕ್ಕೆ ಅವರದ್ದೇ ನೈಟ್ರೋಜನ್ ವಿಧಾನ ಇದೆ. ಕಮ್ಮಿ ಪ್ರೆಷರಲ್ಲಿ ಸೋಪಿನ ನೊರೆ ಹಚ್ಚಿ ನೋಡೋದು ಸರಿ, ಆದ್ರೆ ಅಮೋನಿಯಾ ಇರೋ ಕ್ಲೀನರ್ ಹಿತ್ತಾಳೆ ನಟ್ಟಿಗೆ ಹಚ್ಬೇಡಿ. ಬಿಗಿದ ಹಿತ್ತಾಳೆಗೆ ಅಮೋನಿಯಾ ತಗಲಿದ್ರೆ ಕೆಲವು ದಿನದ ಮೇಲೆ ಯಾರೂ ಮುಟ್ಟದೇನೇ ಬಿರುಕು ಬಿಡತ್ತೆ. ನೊರೆ ಹಚ್ಚಿದ ಮೇಲೆ ಒರೆಸಿ.

ಲೀಕ್ ಕಂಡ್ರೆ ಪ್ರೆಷರ್ ಇಳಿಸಿ, ಒಂದ್ಸಲ ಮಾತ್ರ ಸ್ವಲ್ಪ ಬಿಗಿದು ನೋಡಿ. ನಿಲ್ಲಲಿಲ್ವಾ, ಬಿಚ್ಚಿ. ಇನ್ನೂ ಬಿಗಿದ್ರೆ ಫ್ಲೇರ್ ತೆಳ್ಳಗಾಗಿ ಬುಡದಲ್ಲಿ ಸೀಳತ್ತೆ, ಇವತ್ತಿನ ಹನಿ ನಾಳೆ ಚಿಲುಮೆ. ಬಿಚ್ಚಿದ ಮೇಲೆ ಸೀಟಿನ ಮೇಲಿರೋ ಬಳೆ ಗುರುತನ್ನ ಓದಿ. ಸುತ್ತಲೂ ಒಂದೇ ಸಮ ಹೊಳೆಯೋ ಗೆರೆ ಇದ್ರೆ ಸೀಟ್ ಸರಿ ಇದೆ, ಬಿಗಿದಿದ್ದು ಸಾಲಲಿಲ್ಲ ಅಥವಾ ಬೇರೆ ಕಡೆ ಲೀಕು. ಅರ್ಧ ಬಳೆ ಇದ್ರೆ ಟ್ಯೂಬ್ ಓರೆ. ಬಳೆ ಒಂದು ಕಡೆ ಮುರಿದಿದ್ರೆ ಅಲ್ಲಿ ಗೀರೋ ಕಸವೋ ಇದೆ. ಬಳೆ ತುದಿ ಅಂಚಲ್ಲಿ ಮಾತ್ರ ಇದ್ರೆ ಆಂಗಲ್ ಬೇರೆ, ರಟ್ಟು ತೆಗೀರಿ. ಬಳೆ ಸರಿಯಾಗಿ ಕಾಣ್ತಿಲ್ಲ ಅಂದ್ರೆ ಪರ್ಮನೆಂಟ್ ಮಾರ್ಕರಲ್ಲಿ ಸೀಟಿಗೆ ಬಣ್ಣ ಬಳಿದು, ಒಣಗಿಸಿ, ಸೇರಿಸಿ ಬಿಗಿದು ಬಿಚ್ಚಿ, ಎಲ್ಲಿ ಬಣ್ಣ ಹೋಗಿದೆಯೋ ಅಲ್ಲಿ ತಾಗ್ತಿದೆ.

ಎಲ್ಲಾ ಸರಿ ಇದ್ದೂ ತಿಂಗಳಾದ ಮೇಲೆ ಲೀಕ್ ಬಂದ್ರೆ ಅಲುಗಾಟ ಕಾರಣ ಇರತ್ತೆ. ಜಾಯಿಂಟ್ ಪೈಪಿನ ಭಾರ ಹೊರಬಾರದು, ಹತ್ರದಲ್ಲೇ ಒಂದು ಕ್ಲಾಂಪ್ ಹಾಕಿ, ಕಂಪ್ರೆಸರ್ ಥರದ್ದಾದ್ರೆ ಟ್ಯೂಬಲ್ಲಿ ಒಂದು ಸುರುಳಿ ಬಿಡಿ.

ಬಿಚ್ಚೋವಾಗ ಪ್ರೆಷರ್ ಇಳಿದಿದೆ ಅಂತ ಗೇಜ್ ನೋಡಿದ ಮೇಲೂ ನಟ್ಟನ್ನ ಅರ್ಧ ಸುತ್ತು ಸಡಿಲಿಸಿ ನಿಲ್ಲಿಸಿ, ಮುಖ ಪಕ್ಕಕ್ಕಿರ್ಲಿ, ಟ್ಯೂಬ್ ಚೂರು ಅಲ್ಲಾಡಿಸಿ ಉಳಿದಿದ್ದು ಹೋಗ್ಲಿ, ಆಮೇಲೆ ಪೂರ್ತಿ ತೆಗೀರಿ. ತೆಗೆದ ತಕ್ಷಣ ಎರಡು ಬಾಯಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಅದಿಲ್ಲ ಅಂದ್ರೆ ಶುದ್ಧ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್. ಬಟ್ಟೆ ತುರುಕಬೇಡಿ, ನೂಲು ಸೀಟಿಗೆ ಅಂಟತ್ತೆ, ಜೊತೆಗೆ ತುರುಕಿದ್ದು ಮರೆತು ಲೈನ್ ಸೇರಿಸಿ ಒಂದು ಗಂಟೆ ಪಂಪ್ ಬೈಕೊಂಡು ಕೂತವರನ್ನೂ ನೋಡಿದೀನಿ.